ಅಜ್ಜನ ಹಸಿರು ಪೊಟ್ಟಣ

ಆ ದಿನದ ಅನಾಹುತಕ್ಕೆಲ್ಲ ಮೂಲ ಜೋಳದ ಕುರುಕಲಿನ ಒಂದು ಹಸಿರು ಪೊಟ್ಟಣ. ಸರಿಯಾಗಿ ಹೇಳಬೇಕೆಂದರೆ ಪೊಟ್ಟಣವೂ ಅಲ್ಲ, ಅದರ ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ತಾರೀಖು.

ಪೊಟ್ಟಣ ಕೂತಿದ್ದದ್ದು ಅಜ್ಜನ ತಲೆಯ ಮೇಲೆ. ಅಜ್ಜ ಎಂದರೆ ವೇಯ್ ಮೇಷ್ಟ್ರ ಸಂಶೋಧನಾ ಗುಂಪಿನ ಇಪ್ಪತ್ತೆರಡು ವರ್ಷದ ಯಂತ್ರ. ಸಿಲಿಕಾನ್ ಬಿಲ್ಲೆಯೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಒಳಗಿನ ಗಾಳಿಯನ್ನೆಲ್ಲ ಹೀರಿ ಹೊರಹಾಕಿ, ಬಿಲ್ಲೆಯ ಮೇಲೆ ಕೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳನೆಯ ಪದರ ಬೆಳೆಸುವುದು ಅದರ ಕಸುಬು. ವಯಸ್ಸಾದ ಮೇಲೆ ಮನಸ್ಸು ಬಂದರೆ ಬೆಳೆಸುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಚಿಪ್ ಕಾರ್ಖಾನೆಗಳ ಸಿಂಚೂ ಊರಿನಲ್ಲಿ ಎಲ್ಲ ಯಂತ್ರಗಳಿಗೂ ಇಡುವಂತೆ ಇದರ ತಲೆಯ ಮೇಲೂ ಒಂದು ಪೊಟ್ಟಣ ಇಟ್ಟಿದ್ದರು. ಆ ಕುರುಕಲಿನ ಹೆಸರಿನ ಅರ್ಥವೇ 'ಜಾಣಮರಿ'. ಯಂತ್ರ ಹೇಳಿದ ಮಾತು ಕೇಳಿಕೊಂಡಿರಲಿ ಎಂದು. ಪೊಟ್ಟಣ ಹಸಿರೇ ಆಗಿರಬೇಕು, ಹಸಿರು ದೀಪ ಉರಿಯಲಿ ಎಂದು. ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು. ಇದನ್ನೆಲ್ಲ ನಂಬುತ್ತೇವೆಂದು ಆ ಕಟ್ಟಡದಲ್ಲಿ ಒಬ್ಬರೂ ಒಪ್ಪಿಕೊಳ್ಳುತ್ತಿರಲಿಲ್ಲ, ಪೊಟ್ಟಣವಿಲ್ಲದ ಯಂತ್ರವೂ ಅಲ್ಲಿ ಒಂದೂ ಇರಲಿಲ್ಲ.

ಬಾಯಿಬಿಟ್ಟು ಗೇಲಿ ಮಾಡುತ್ತಿದ್ದವನು ಒಬ್ಬನೇ, ಲ್ಯಾವ್ ಚೆಂಗ್ದಾ. ವಯಸ್ಸು ಮೂವತ್ತೊಂದು, ಪಿಎಚ್‌ಡಿಯಲ್ಲಿ ಏಳನೇ ವರ್ಷ. ಆ ಏಳು ವರ್ಷದಲ್ಲಿ ಹೇಳಿಕೊಳ್ಳುವಂಥ ಪದರ ಬೆಳೆದಿರಲಿಲ್ಲವಾದರೂ ಅವನ ವಿಚಾರವಾದ ಮಾತ್ರ ಹುಲುಸಾಗಿ ಬೆಳೆದಿತ್ತು.

ಅವತ್ತು ಅವನ ಕೊನೆಯ ಅವಕಾಶ. ಸಂಜೆ ಐದರೊಳಗೆ ಪದವಿಯ ಅರ್ಜಿ ಕಚೇರಿ ಸೇರಬೇಕು, ಅರ್ಜಿಯ ಮೇಲೆ ವೇಯ್ ಮೇಷ್ಟ್ರ ಕೆಂಪು ಮೊಹರು ಬೀಳಬೇಕು. ಮೊಹರಿಗೆ ಅವರದು ಒಂದೇ ಷರತ್ತು. ಗುಂಪಿನ ಹಳೆಯ ವಿದ್ಯಾರ್ಥಿಯೊಬ್ಬ ಬೆಳೆಸಿದ್ದ ಪದರದಲ್ಲಿ ಎಷ್ಟು ಕರೆಂಟು ಸೋರುತ್ತದೋ ಅದರ ಹತ್ತರಲ್ಲೊಂದು ಪಾಲು ಮಾತ್ರ ಸೋರುವ ಪದರವೊಂದನ್ನು ಇವನು ತೋರಿಸಬೇಕು. ಕಂಪನಿಯೊಂದು ಮುಂದಿನ ತಿಂಗಳಿನಿಂದ ಕೆಲಸಕ್ಕೆ ಬಾ ಎಂದಿತ್ತು, ಪದವಿ ಕೈಯಲ್ಲಿದ್ದರೆ. ಜಿಯಾಯಿ ಊರಿನಲ್ಲಿದ್ದ ಅವನ ತಾಯಿ "ಈ ವರ್ಷ ಮುಗಿಯುತ್ತೆ" ಎಂದು ಬೀದಿಯವರಿಗೆಲ್ಲ ಹೇಳಿದ್ದರು. ಹೋದ ವರ್ಷವೂ ಹೇಳಿದ್ದರು. ಉಳಿದಿದ್ದದ್ದು ಒಂದು ದಿನ, ಒಂದು ಬಿಲ್ಲೆ.

ಬೆಳಿಗ್ಗೆ ಎಂಟಕ್ಕೆ ಅವನು ಅಜ್ಜನ ಬಾಗಿಲು ತೆರೆದುಕೊಂಡು ನಿಂತಿದ್ದಾಗ ಎಂಎಸ್‌ಸಿ ಎರಡನೇ ವರ್ಷದ ಶಿನ್ಯಾ ಸೋಯಾ ಹಾಲು ಹೀರುತ್ತ ಬಂದಳು. ಬಂದವಳು ಪೊಟ್ಟಣವನ್ನು ತಿರುಗಿಸಿ ನೋಡಿದಳು.

"ಅಣ್ಣ, ಇದರ ತಾರೀಖು ನಿನ್ನೆಗೇ ಮುಗಿದೋಗಿದೆ."

"ಮುಗೀಲಿ ಬಿಡು. ಅಜ್ಜಂಗೆ ಓದೋಕೆ ಬರುತ್ತಾ?"

"ನಾನು ನಂಬ್ತೀನಿ ಅಂತಲ್ಲ. ಇವತ್ತು ನಿಮ್ಮದು ಕೊನೇ ಬಿಲ್ಲೆ. ಹೊಸದೊಂದು ತಂದಿಟ್ಟುಬಿಟ್ರೆ ಏನು ನಷ್ಟ?"

"ನಷ್ಟ ನನ್ನ ಬುದ್ಧಿಗೆ. ಯಂತ್ರ ಓಡೋದು ಪಂಪಿಂದ ಕಣೇ, ಕುರುಕಲಿಂದಲ್ಲ." ಚೆಂಗ್ದಾ ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಬೆಳಗಿನ ತಿಂಡಿ ಆಗಿರಲಿಲ್ಲ. ಪೊಟ್ಟಣ ಹರಿದು, ತೆರೆದ ಬಾಗಿಲಿನ ಎದುರೇ ನಿಂತು, ಕುರುಕುರು ಎಂದು ತಳದ ಪುಡಿಯವರೆಗೂ ತಿಂದ. "ಈಗ ಜಾಣಮರಿ ನನ್ನ ಹೊಟ್ಟೇಲಿದೆ. ಏನಾಗುತ್ತೋ ನೋಡೋಣ."

ಆಗುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಒಳಗಿನ ಗಾಳಿ ಅರ್ಧ ಖಾಲಿಯಾಗುವಷ್ಟರಲ್ಲಿ ಅಜ್ಜ ಒಮ್ಮೆ ಕೆಮ್ಮಿ, ಕೆಂಪು ದೀಪ ಹೊತ್ತಿಸಿ ಕಿರುಚತೊಡಗಿತು. ಎಲ್ಲೋ ಗಾಳಿ ಒಳಗೆ ನುಗ್ಗುತ್ತಿತ್ತು. ಕಾಕತಾಳೀಯ ಎಂದ ಚೆಂಗ್ದಾ. ಎರಡನೇ ಸಲ ಕಿರುಚಿದಾಗಲೂ ಅದನ್ನೇ ಅಂದ. ಮೂರನೇ ಸಲ ಎದ್ದು ಹೋಗಿ ಪಂಪಿನ ಕೊಳವೆಗಳನ್ನು ಒಂದೊಂದಾಗಿ ತಡವಿ ನೋಡಿದ. ಶಿನ್ಯಾ ಹಾಲಿನ ಖಾಲಿ ಲೋಟವನ್ನು ಹೀರುತ್ತ ಕೂತಿದ್ದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಪದರ ಬೆಳೆಯಲು ಮೂರು ಗಂಟೆ ಬೇಕು. ಮಧ್ಯಾಹ್ನ ಒಂದರೊಳಗೆ ಶುರುವಾಗದಿದ್ದರೆ ಈ ವರ್ಷದ ಕತೆ ಮುಗಿಯಿತು. ಹತ್ತು ಗಂಟೆಗೆ ಚೆಂಗ್ದಾ, "ಕಾಫಿ ಕುಡಿದು ಬರ್ತೀನಿ" ಎಂದು ಗೋಡೆಗೆ ಹೇಳಿದಂತೆ ಹೇಳಿ ಹೊರಬಿದ್ದ.

ಮೊದಲನೇ ಅಂಗಡಿಯಲ್ಲಿ ಹಸಿರು ಖಾಲಿ. ಎರಡನೆಯದರಲ್ಲೂ ಖಾಲಿ. ಯಾವುದೋ ಕಾರ್ಖಾನೆಯಲ್ಲಿ ಹೊಸ ಯಂತ್ರಗಳನ್ನು ಕೂರಿಸುತ್ತಿದ್ದಾರಂತೆ, ಡಬ್ಬಗಟ್ಟಲೆ ಹೊತ್ತುಕೊಂಡು ಹೋದರಂತೆ. ಎದುರುಗಾಳಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಊರ ಆ ತುದಿಯ ಅಂಗಡಿಗೆ ಹೋದ. ಅಲ್ಲಿಯ ಹೆಂಗಸು ಗಲ್ಲಾದ ಕೆಳಗಿನಿಂದ ಹಸಿರು ಪೊಟ್ಟಣವೊಂದನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ಇದೊಂದೇ ಉಳಿದಿರೋದು. ಯಂತ್ರಕ್ಕೋ, ಮಗೂಗೋ?"

ಒಂದು ಮಾತು, 'ಯಂತ್ರಕ್ಕೆ' ಎಂದಿದ್ದರೆ ಸಾಕಿತ್ತು. ಆದರೆ ಅವನ ಹಿಂದೆಯೇ ಪಕ್ಕದ ವಿಭಾಗದ ಇಬ್ಬರು ನಿಂತಿದ್ದರು. ಹೋದ ವಾರವಷ್ಟೇ ಅವರೆದುರು ಮೂಢನಂಬಿಕೆಯ ಬಗ್ಗೆ ಅರ್ಧ ಗಂಟೆ ಕೊರೆದಿದ್ದ.

"ಮಗೂಗೆ," ಎಂದ ಚೆಂಗ್ದಾ.

"ಹಾಗಾದ್ರೆ ಹಳದಿ ತಗೊಳಪ್ಪ, ಮಕ್ಕಳಿಗೆ ಅದೇ ಇಷ್ಟ. ಇದನ್ನ ಯಾರಾದ್ರೂ ಕಷ್ಟದಲ್ಲಿರೋರಿಗೆ ಕೊಡ್ತೀನಿ." ಹಸಿರು ಪೊಟ್ಟಣ ಅವನ ಹಿಂದಿದ್ದವರ ಕೈ ಸೇರಿತು. ಇಲ್ಲದ ಮಗುವಿಗೆ ಹಳದಿ ಪೊಟ್ಟಣ ಕೊಂಡುಕೊಂಡು ಅವನು ವಾಪಸು ಬಂದ.

ಹಳದಿಯ ಮೇಲೆ ಹಸಿರು ಕಾಗದ ಸುತ್ತಿ ಅಜ್ಜನ ತಲೆಗೇರಿಸಿದ. "ಅಜ್ಜಂಗೆ ಓದೋಕೆ ಬರಲ್ಲ ಸರಿ. ಕಣ್ಣೂ ಕಾಣಲ್ವಾ ಅಣ್ಣ?" ಎಂದಳು ಶಿನ್ಯಾ. ಅಜ್ಜ ಈ ಸಲ ಕಿರುಚಲಿಲ್ಲ. ಹಳದಿ ದೀಪ ಹೊತ್ತಿಸಿ ಸುಮ್ಮನೆ ನಿಂತುಬಿಟ್ಟಿತು.

ಹನ್ನೆರಡೂವರೆಗೆ ಎಂದಿನಂತೆ ಮಧ್ಯಾಹ್ನದ ನಿದ್ದೆಗೆಂದು ಕಟ್ಟಡದ ದೀಪಗಳನ್ನೆಲ್ಲ ಆರಿಸಿದರು. ಊಟ ಮುಗಿಸಿದವರು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಪಕ್ಕದ ಲೇಸರ್ ಕೋಣೆಯಲ್ಲಿ ಮೂವತ್ತು ವರ್ಷದಿಂದ ಯಂತ್ರ ನೋಡಿಕೊಳ್ಳುತ್ತಿದ್ದ ತ್ಸೆಂಗಣ್ಣನ ಗೊರಕೆ ಮೊಳಗುತ್ತಿತ್ತು. ಅವನ ಲೇಸರಿನ ಮೇಲೆ ಹೊಚ್ಚ ಹೊಸ ಹಸಿರು ಪೊಟ್ಟಣವಿತ್ತು. ಚೆಂಗ್ದಾ ಚಪ್ಪಲಿ ಬಿಚ್ಚಿ, ಕತ್ತಲಲ್ಲಿ ಕಾಲುಚೀಲದಲ್ಲೇ ನಡೆದು ಹೋಗಿ ಹಸಿರನ್ನೆತ್ತಿ ಹಳದಿಯನ್ನಿಟ್ಟು ಬಂದ. ಏಳು ವರ್ಷದ ಉನ್ನತ ವ್ಯಾಸಂಗ ತನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಅವನಿಗೇ ನಾಚಿಕೆಯಾಯಿತು. ಪೊಟ್ಟಣವನ್ನು ಮಾತ್ರ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದಿದ್ದ.

ಅದನ್ನು ಅಜ್ಜನ ತಲೆಯ ಮೇಲಿಟ್ಟು, ಇದ್ದುದರಲ್ಲಿ ಮರ್ಯಾದೆ ಉಳಿಸಿಕೊಳ್ಳೋಣವೆಂದು ಬಾಗಿಲನ್ನೂ ತೆಗೆದು ಅಂಚಿನ ರಬ್ಬರ್ ಉಂಗುರವನ್ನು ಒರೆಸಿದ. ಬಟ್ಟೆಗೆ ಅಂಟಿಕೊಂಡು ಬಂದದ್ದು ಜೋಳದ ಒಂದು ಚೂರು. ಬೆಳಿಗ್ಗೆ ಅವನ ಬಾಯಿಂದಲೇ ಉದುರಿದ್ದು. ಅಲ್ಲಿಂದಲೇ ಗಾಳಿ ನುಗ್ಗುತ್ತಿತ್ತು. ಅಂದರೆ ವಿಜ್ಞಾನವೇ ಗೆದ್ದಿತ್ತು, ಪೊಟ್ಟಣದ ಅಗತ್ಯವೇ ಇರಲಿಲ್ಲ. ಚೆಂಗ್ದಾ ಒಂದು ನಿಮಿಷ ಆ ಚೂರನ್ನು ನೋಡಿದ, ಮೇಲಿದ್ದ ಪೊಟ್ಟಣವನ್ನು ನೋಡಿದ. ಇರಲಿ ಎಂದು ಹಾಗೇ ಬಿಟ್ಟು ಗುಂಡಿ ಒತ್ತಿದ. ಹಸಿರು ದೀಪ ಹೊತ್ತಿತು.

ಎರಡು ಗಂಟೆಗೆ ಪಕ್ಕದ ಲೇಸರ್ ಕೆಟ್ಟು ನಿಂತಿತು. ಹಳದಿ ಪೊಟ್ಟಣವನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ತ್ಸೆಂಗಣ್ಣ ಬಾಗಿಲಲ್ಲಿ ನಿಂತ.

"ಯಾರಪ್ಪಾ ಇದು, ನನ್ನ ಲೇಸರಿಗೆ ವಿಷ ಹಾಕಿದೋರು?"

"ನಂಗೇನು ಗೊತ್ತು ತ್ಸೆಂಗಣ್ಣ. ಇಂಥದ್ದನ್ನೆಲ್ಲ ನಾನು ನಂಬೋನಲ್ಲ," ಎನ್ನುತ್ತ ಚೆಂಗ್ದಾ ಯಂತ್ರಕ್ಕೆ ಅಡ್ಡವಾಗಿ ನಿಂತ.

"ಹೌದೌದು, ಗೊತ್ತು. ನೀನು ನಂಬಲ್ಲ." ತ್ಸೆಂಗಣ್ಣ ಅವನ ಭುಜದಾಚೆ ಕತ್ತು ಚಾಚಿ ನೋಡಿದ. "ಆ ಪೊಟ್ಟಣದ ಮೂಲೇಲಿ ನನ್ನ ಹೆಸರು ಬರೆದಿದೀನಿ. ಓದು."

ಓದುವ ಅಗತ್ಯವಿರಲಿಲ್ಲ, ಅಕ್ಷರ ದಪ್ಪಗಿತ್ತು. ಚೆಂಗ್ದಾ ಕೈ ಮುಗಿಯುವುದೊಂದು ಬಾಕಿ. "ಅಣ್ಣ, ಇವತ್ತು ಮೊಹರು ಬೀಳದಿದ್ರೆ ಕೆಲಸ ಹೋಗುತ್ತೆ. ಅಮ್ಮ ಊರಿಗೆಲ್ಲ ಹೇಳಿದಾಳೆ. ಎರಡೇ ಗಂಟೆ ಬಿಡಿ."

ತ್ಸೆಂಗಣ್ಣನ ಮುಖ ಮೆತ್ತಗಾಯಿತು. "ಅರ್ಧಕ್ಕೆ ಕಿತ್ತುಕೊಳ್ಳೋಕೆ ನಾನೇನು ರಾಕ್ಷಸನಾ? ಮುಗೀಲಿ. ಕಾಯ್ತೀನಿ." ಕುರ್ಚಿ ಎಳೆದುಕೊಂಡು ಬಾಗಿಲಲ್ಲೇ ಕೂತ. ಹೋಗುವವರು ಬರುವವರು ಏನಣ್ಣ ಇಲ್ಲಿ ಎಂದು ಕೇಳಿದರೆ, "ವಿಜ್ಞಾನಿಗಳು ನಮ್ಮ ಪೊಟ್ಟಣ ಕಡ ತಗೊಂಡಿದಾರೆ" ಎಂದು ಎಲ್ಲರಿಗೂ ಹೇಳಿದ. ನಾಲ್ಕು ಗಂಟೆಯ ಹೊತ್ತಿಗೆ ಮೂರೂ ಮಹಡಿಗೆ ಸುದ್ದಿ ಮುಟ್ಟಿತ್ತು. ಹಾಳಾಗಿ ಹೋಗಲಿ, ಮೊಹರು ಬಿದ್ದರೆ ಇವರ ಮುಖವನ್ನು ಇನ್ನು ನೋಡುವವರು ಯಾರು ಎಂದು ಚೆಂಗ್ದಾ ಹಲ್ಲು ಕಚ್ಚಿ ಸಹಿಸಿಕೊಂಡ.

ಬಿಲ್ಲೆ ಹೊರಬಂತು. ಅಳತೆಯ ಸೂಜಿಗಳ ಕೆಳಗಿಟ್ಟು ಕರೆಂಟು ಹಾಯಿಸಿದ. ತೆರೆಯ ಮೇಲಿನ ಗೆರೆ ಏಳಲೇ ಇಲ್ಲ. ಸೂಜಿ ತಾಗಿಲ್ಲವೇನೋ ಎಂದು ಮತ್ತೆ ಅಳೆದ. ತಂತಿ ಬದಲಿಸಿ ಅಳೆದ. ಬೇಕಾದದ್ದು ಹತ್ತರಲ್ಲೊಂದು ಪಾಲು, ಸೋರುತ್ತಿದ್ದದ್ದು ಸಾವಿರದಲ್ಲೊಂದು ಪಾಲು. ಇಂಥ ಪದರವನ್ನು ಅವನು ಕನಸಿನಲ್ಲೂ ಬೆಳೆಸಿರಲಿಲ್ಲ. ಕಣ್ಣು ತುಂಬಿ ಬಂತು. ನಕ್ಷೆಯ ಹಾಳೆಯನ್ನೂ ಅರ್ಜಿಯನ್ನೂ ಹಿಡಿದುಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಷ್ಟ್ರ ಕೋಣೆಗೆ ಓಡಿದ.

ನಾಲ್ಕೂ ನಲವತ್ತು. ವೇಯ್ ಮೇಷ್ಟ್ರು ಮೊಹರನ್ನು ಕೆಂಪು ಶಾಯಿಗೆ ಒತ್ತಿ ಸಿದ್ಧವಾಗಿಯೇ ಕೂತಿದ್ದರು. ಮುಖ ನೋಡಿಯೇ, "ಬಂತಾ? ಎಲ್ಲಿ, ಅರ್ಜಿ ಕೊಡು" ಎಂದರು. ಮೊಹರು ಕಾಗದಕ್ಕೆ ಒಂದಂಗುಲ ಮೇಲಿತ್ತು.

"ನಕ್ಷೇನೂ ನೋಡಿ ಮೇಷ್ಟ್ರೇ," ಎಂದ ಚೆಂಗ್ದಾ. ಏಳು ವರ್ಷದಲ್ಲಿ ಮೊದಲ ಸಲ ಎದೆಯುಬ್ಬಿಸಿ ಆಡಿದ ಮಾತು.

ಮೇಷ್ಟ್ರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಇದು ನಿಜವೇನೋ?"

"ಮೂರು ಸಲ ಅಳೆದೆ ಮೇಷ್ಟ್ರೇ."

"ಚೆಂಗ್ದಾ." ಮೇಷ್ಟ್ರು ಅವನ ಎರಡೂ ಕೈ ಹಿಡಿದುಕೊಂಡರು. "ನಿನ್ನನ್ನ ಸಾಧಾರಣ ಹುಡುಗ ಅಂದ್ಕೊಂಡಿದ್ದೆ, ಕ್ಷಮಿಸಪ್ಪ. ಇಂಥ ಫಲಿತಾಂಶ ಸಿಕ್ಕಿರೋನನ್ನ ಹೀಗೆ ಅರ್ಧಕ್ಕೆ ಕಳಿಸಿಬಿಟ್ರೆ ನಾನು ಗುರು ಅನ್ನಿಸ್ಕೊಳ್ತೀನಾ?" ಎನ್ನುತ್ತ ಮೊಹರಿನ ಶಾಯಿಯನ್ನು ಕಾಗದದ ಕರವಸ್ತ್ರದಿಂದ ನಯವಾಗಿ ಒರೆಸಿದರು. ಮುಚ್ಚಳ ಹಾಕಿದರು. ಮೇಜಿನ ಖಾನೆ ತೆರೆದರು. "ಒಂದೇ ವರ್ಷ. ಇದನ್ನ ಇನ್ನೊಂದು ಇಪ್ಪತ್ತು ಸಲ ಬೆಳೆಸಿ ತೋರಿಸು ಸಾಕು."

"ಮೇಷ್ಟ್ರೇ, ಇದು ಹತ್ತರಲ್ಲೊಂದೇ ಬಂದಿದ್ರೆ?"

"ಬಂದಿದ್ರೆ ಏನು, ಈಗ್ಲೇ ಒತ್ತಿ ಕಳಿಸ್ತಿದ್ದೆ," ಎಂದು ಮೇಷ್ಟ್ರು ಪ್ರೀತಿಯಿಂದ ಅವನ ಬೆನ್ನು ತಟ್ಟಿ ಖಾನೆ ಮುಚ್ಚಿದರು.

ಕೆಳಗೆ ಶಿನ್ಯಾ ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದಳು. "ಏನಾಯ್ತಣ್ಣ? ಪದರ ಹೇಗೆ ಬಂತು?"

"ತುಂಬಾ ಚೆನ್ನಾಗಿ ಬಂತು," ಎಂದ ಚೆಂಗ್ದಾ.

ಅವಳ ಮುಖ ಬಾಡಿತು. ಅವನ ತೋಳು ಹಿಡಿದು ಮೆಲ್ಲಗೆ ಕೇಳಿದಳು:

"ಅಯ್ಯೋ ಪಾಪ. ಎಷ್ಟು ವರ್ಷ?"