ಕರಾಮದ ಫುಟ್‌ಬಾಲ್ ಮ್ಯಾನೇಜರ್

ನನ್ನ ಸೋದರಮಾವ ಇಲ್ಲಿ ದುಬೈಯಲ್ಲಿ ಫುಟ್‌ಬಾಲ್ ಮ್ಯಾನೇಜರ್. ಅವರ ತಂಡ ಈಚೆಗೆ ಒಂದು ಪಂದ್ಯವನ್ನೂ ಸೋತಿಲ್ಲ, ಒಬ್ಬ ಆಟಗಾರನೂ ಎದುರು ಮಾತಾಡಿಲ್ಲ. ಇಂಥ ತಂಡ ಜಗತ್ತಿನಲ್ಲಿ ಇನ್ನೆಲ್ಲಿದೆ? ಕರಾಮ ಬಡಾವಣೆಯ ಹೋಟೆಲಿನ ಮೂಲೆಯ ಮೇಜಿನ ಮೇಲಿದೆ. ಹನ್ನೊಂದು ಚಹಾ ಲೋಟಗಳು!

ಹೊಟ್ಟೆಪಾಡಿಗೆ ಅವರು ಅಲ್ ಕುಸೈಸ್‌ನ ಗೋದಾಮೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಮಂಗಳೂರು ಕಡೆಯ ಹುಡುಗರನ್ನು ಕಟ್ಟಿಕೊಂಡು, ಗೋದಾಮಿನ ಹಿಂದಿನ ಮರಳು ಬಯಲಿನಲ್ಲಿ ಶುಕ್ರವಾರ ಬೆಳಿಗ್ಗೆ ನಿಜವಾದ ತಂಡವನ್ನೇ ಆಡಿಸುತ್ತಿದ್ದರು. ಅವರಿಗೊಬ್ಬ ಗುರು, ಕಂಡವನಲ್ಲ, ಎಲ್ಲೋ ಓದಿದವನು. ನೂರು ವರ್ಷ ಹಿಂದಿನ ಇಂಗ್ಲಿಷ್ ಆಟಗಾರ. ಮಂಡಿ ಕೆಟ್ಟ ಮೇಲೆ ಹಡಗು ಹತ್ತಿ, ಭಾಷೆ ಬಾರದ ದೇಶಕ್ಕೆ ಹೋಗಿ ಮ್ಯಾನೇಜರ್ ಆದವನು. ಮಾತು ತಿಳಿಯದ ಆಟಗಾರರಿಗೆ ಮೇಜಿನ ಮೇಲೆ ಬಟ್ಟಲು ಸರಿಸಿ ಆಟ ಕಲಿಸಿದನಂತೆ. ಹೆಸರು ಕೇಳಿದರೆ, "ಹೆಸರು ಎಂತಕ್ಕೆ ಮಾರಾಯ? ಕೆಲಸ ನೋಡು" ಎನ್ನುತ್ತಿದ್ದರು. ಹೆಸರು ಮಾವನಿಗೂ ಗೊತ್ತಿಲ್ಲ ಎಂಬುದು ನನ್ನ ಗುಮಾನಿ.

ಮಾವನ ಹುಡುಗರಿಗೆ ತುಳು, ಕನ್ನಡ ಎರಡೂ ಚೆನ್ನಾಗಿ ಬರುತ್ತಿದ್ದವು. ಆದರೂ ಆಟದ ಪಾಠ ಹೋಟೆಲಿನ ಲೋಟದಲ್ಲೇ. ಗುರು ಹಾಗೆ ಮಾಡಿದ್ದನಲ್ಲ! ಒಮ್ಮೆ ಪಾಠದ ನಡುವೆ ಸಪ್ಲೈಯರ್ ಬಂದು ಒಂದು ಲೋಟ ಎತ್ತಿಕೊಂಡು ಹೋದ.

"ಮಾವ, ನಿಮ್ಮ ಸೆಂಟರ್ ಫಾರ್ವರ್ಡ್ ಹೋದ" ಎಂದೆ.

"ಹೋಗ್ಲಿ. ಹೇಗೂ ಅವ ಓಡುದಿಲ್ಲ."

ಗುರು ಕೋಟು, ಟೈ ಇಲ್ಲದೆ ಮೈದಾನಕ್ಕೆ ಇಳಿಯುತ್ತಿರಲಿಲ್ಲವಂತೆ. ಸರಿ, ಕಾದ ಕಾವಲಿಯಂಥ ಬಿಸಿಲಲ್ಲಿ ಮಾವನಿಗೂ ಕೋಟು! ಒಮ್ಮೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿ ಹುಡುಗರ ಜೊತೆ ಪಂದ್ಯವಿತ್ತು. ಎಲ್ಲರೂ ಇವರನ್ನು "ಮ್ಯಾನೇಜರ್, ಮ್ಯಾನೇಜರ್" ಎನ್ನುವುದನ್ನು ಕೇಳಿ, ಅರ್ಧ ಆಟದ ಬಿಡುವಿನಲ್ಲಿ ಎದುರು ತಂಡದ ಇಬ್ಬರು ಬಂದು ಕೈಗೆ ಬಯೋಡೇಟಾ ಕೊಟ್ಟರು. ಮಾವ ಗಂಭೀರವಾಗಿ ಓದಿ ಹೇಳಿದರು, "ವೀಸಾ ಇಲ್ಲ. ಲೆಫ್ಟ್ ಬ್ಯಾಕ್ ಜಾಗ ಖಾಲಿ ಉಂಟು."

ಆಮೇಲೆ ಇಲ್ಲಿನ ವಾರದ ರಜೆಯೇ ಶುಕ್ರವಾರದಿಂದ ಶನಿವಾರ, ಭಾನುವಾರಕ್ಕೆ ಬದಲಾಯಿತು. ದೇಶವೇ ಬದಲಾಯಿತು, ಮಾವ ಬದಲಾಗಲಿಲ್ಲ.

"ಶನಿವಾರ ಆಡಿಸಿ ಮಾವ. ನಿಮ್ಮ ಗುರು ಆಡಿದ್ದೂ ಶನಿವಾರವೇ."

"ಅದು ಅವನ ಊರಲ್ಲಿ. ಇದು ಪರದೇಶ. ಇಲ್ಲಿ ಮ್ಯಾಚ್ ಅಂದ್ರೆ ಶುಕ್ರವಾರ."

ಶುಕ್ರವಾರ ಬೆಳಿಗ್ಗೆ ಹುಡುಗರೆಲ್ಲ ಆಫೀಸಿನಲ್ಲಿ, ಮಾವನ ಗೋದಾಮಿಗೆ ಮಾತ್ರ ಹಳೆಯ ಶುಕ್ರವಾರದ ರಜೆ. ಆಮೇಲೆ ಅವರ ವೀಸಾಗಳೂ ಒಂದೊಂದಾಗಿ ಕ್ಯಾನ್ಸಲ್ ಆದವು. ಕೊನೆಗೆ ಬಯಲಿನಲ್ಲಿ ಕೋಟು ಹಾಕಿದ ಮಾವ ಒಬ್ಬರೇ. ಅಲ್ಲಿಂದ ಹೋಟೆಲಿಗೆ ಬಂದು ಹನ್ನೊಂದು ಲೋಟ ಇಟ್ಟುಕೊಂಡು ಕೂರುವುದು ರೂಢಿಯಾಯಿತು. ಊರು ಸೇರಿದ ಹುಡುಗರು ಆಗಾಗ ಫೋನ್ ಮಾಡುತ್ತಿದ್ದರು, "ಟೀಮ್ ಉಂಟಾ ಅಣ್ಣ?"

"ಉಂಟು. ನಿನ್ನ ಜಾಗಕ್ಕೆ ಯಾರನ್ನೂ ಹಾಕ್ಲಿಲ್ಲ."

ಫೋನ್ ಇಟ್ಟ ಮೇಲೆ ನಾನು ಕೆಣಕುತ್ತಿದ್ದೆ, "ಎಂತ ಸುಳ್ಳು ಮಾವ ಇದು?"

"ಸುಳ್ಳೆಲ್ಲಿ? ಹಾಕಿದ್ದೇನಾ ಯಾರನ್ನಾದ್ರೂ?"

ಗುರುವಿನ ಕತೆಯನ್ನು ಮಾವ ಯಾವಾಗಲೂ ಅವನು ಗೆದ್ದ ಪಂದ್ಯಗಳಿಗೇ ನಿಲ್ಲಿಸಿಬಿಡುತ್ತಿದ್ದರು. ಈ ವರ್ಷ ಕಂಪನಿ ಅವರ ವೀಸಾವನ್ನೂ ಕ್ಯಾನ್ಸಲ್ ಮಾಡಿತು. ಮದುವೆಗೆ ಪುರುಸೊತ್ತಾಗದ ಮನುಷ್ಯ, ಊರಿನಲ್ಲಿ ಕಾಯುವವರು ಯಾರೂ ಇಲ್ಲ. ಅವರು ಹೊರಡುವ ಮೊದಲು ಅದೇ ಮೇಜಿನಲ್ಲಿ ಕೂತು ಕೇಳಿದೆ, "ಕೊನೆಗೆ ನಿಮ್ಮ ಗುರು ಏನಾದ?"

"ವಾಪಸ್ ಊರಿಗೆ ಹೋದ. ಅಲ್ಲಿ ಯಾರಿಗೂ ಅವನ ಗುರ್ತವೇ ಇರ್ಲಿಲ್ಲ. ಖಲಾಸ್."

ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮೊನ್ನೆ ಶುಕ್ರವಾರ ಮಧ್ಯಾಹ್ನ ಅರ್ಧ ದಿನದ ಆಫೀಸು ಮುಗಿಸಿ ಆ ಹೋಟೆಲಿಗೆ ಹೋಗಿದ್ದೆ. ಊರಿನಿಂದ, ಸುರತ್ಕಲ್‌ನಿಂದ ಮಾವನ ಫೋನು.

"ಎಂತ ಮಾಡ್ತಾ ಇದ್ದೀರಿ ಮಾವ?"

"ಎಂತ ಇಲ್ಲ. ಬಸ್ ಸ್ಟ್ಯಾಂಡಲ್ಲಿ ಕೂತಿದ್ದೇನೆ. ಒಬ್ಬ ಬಂದು ನೀವು ಯಾವ ಊರಿನವರು ಅಂತ ಕೇಳಿದ." ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಟೀಮ್ ಉಂಟಾ?"

ಮೇಜಿನ ಮೇಲೆ ಇದ್ದದ್ದು ನನ್ನದೊಂದೇ ಲೋಟ. ಇನ್ನೂ ಹತ್ತು ಬೇಕೆಂದು ಸಪ್ಲೈಯರ್‌ಗೆ ಸನ್ನೆ ಮಾಡಿದೆ.

"ಉಂಟು ಮಾವ. ಮ್ಯಾನೇಜರ್ ಜಾಗಕ್ಕೆ ಯಾರನ್ನೂ ಹಾಕ್ಲಿಲ್ಲ."

ಸಪ್ಲೈಯರ್ ಹತ್ತು ಲೋಟ ತಂದಿಟ್ಟ. ಮಾವ ಹಳೆಯ ಮ್ಯಾನೇಜರ್ ದನಿಗೆ ಬಂದರು. "ಲೆಫ್ಟ್ ಬ್ಯಾಕನ್ನು ಸ್ವಲ್ಪ ಮುಂದೆ ತಗೊ."

ತಗೊಂಡೆ.