ಸಾವಿರಕ್ಕೇ ಬಾಗಿಲು

ಬಂಗಾರಪೇಟೆಯ ಖಾಸಗಿ ಡೈರಿಯ ಕಂಪ್ಯೂಟರು ಮೊನ್ನೆ ಅಜೀರ್ಣವಾಗಿ ಮಲಗಿತ್ತು. ಡೈರಿಯ ಯಾವ ಸಂದೇಶವಾದರೂ ಮೊದಲು ಅದರೊಳಗೆ ಕ್ಯೂ ನಿಲ್ಲಬೇಕು, ಬೆಳಿಗ್ಗೆ ಎಂಟಕ್ಕೆ ಹೊರಟು ಜನರ ಮೊಬೈಲು ಸೇರಬೇಕು. ಕ್ಯೂಗೆ ಮಿತಿಯೇ ಇರಲಿಲ್ಲವಾಗಿ ಮೆಮೊರಿ ತುಂಬಿ ಎಲ್ಲವೂ ನಿಂತುಹೋಯಿತು. ಕಂಪ್ಯೂಟರು ನೋಡಿಕೊಳ್ಳುವ ಮುನೀಂದ್ರ ನಿನ್ನೆ ಸಂಜೆ ಸಾವಿರ ಸಂದೇಶಕ್ಕೆ ಮಿತಿ ಹಾಕಿದ. ಆರು ವರ್ಷ ಹಂಗಾಮಿಯಾಗಿ ಸವೆದವನಿಗೆ ಇವತ್ತು ಕೆಲಸ ಕಾಯಂ ಆದ ಆರ್ಡರು ಬರುವುದಿತ್ತು. ಈಗ ಯಂತ್ರ ಕೈಕೊಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬಾರದು ಎಂಬ ಭಯ ಅವನಿಗೆ.

ಗುಮಾಸ್ತ ಶ್ರೀನಿವಾಸಪ್ಪನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಹಳ್ಳಿಯ ಹಾಲು ಕೇಂದ್ರಗಳಿಗೆಲ್ಲ ಫೋನು ಮಾಡಿ, "ಬೆಳಿಗ್ಗೆ ಐದ್ಕೆ ಕ್ಯೂ ತೆರೀತದೆ, ಸಾವಿರಕ್ಕೇ ಬಾಗ್ಲು ಬಂದ್. ಮೊದ್ಲು ಬಂದೋರ್ಗೇ ಜಾಗ," ಎಂದು ಸಾರಿಬಿಟ್ಟ.

ಬೆಳಿಗ್ಗೆ ಆರಕ್ಕೆ ಮುನೀಂದ್ರ ನೋಡಿದರೆ ಕ್ಯೂ ಭರ್ತಿ. ಯಾವ ಹಳ್ಳಿಯಲ್ಲೂ ಇನ್ನೂ ಹಾಲು ಅಳೆದಿರಲಿಲ್ಲ. ಬಿಚ್ಚಿದ ಸಂದೇಶವೆಲ್ಲ ಖಾಲಿ. ಕ್ಯಾಸಂಬಳ್ಳಿ ಕೇಂದ್ರದ ಅಕ್ಕಯ್ಯಮ್ಮನಿಗೆ ಫೋನು ಹಚ್ಚಿದ.

"ಏನಕ್ಕಾ ಇದು, ಬರೀ ಖಾಲಿ ಮೆಸೇಜು?"

"ಜಾಗ ಇಡ್ದಿದ್ದೀನಪ್ಪಾ. ರೇಷನ್ ಅಂಗ್ಡಿ ಮುಂದೆ ಚೀಲ ಇಕ್ಕಲ್ವಾ, ಅಂಗೇ. ಅರವತ್ತು ಜನಕ್ಕೂ ಒಂದೊಂದು ಇಕ್ಕಿದ್ದೀನಿ. ಆಲು ತಂದಾಗ ಬಂದು ನಿಂತ್ಕೋತೀವಿ."

"ಇದ್ರಾಗೆ ಅಂಗೆಲ್ಲಾ ಆಗಲ್ಲ ಕಣಕ್ಕಾ, ತೆಗೀರಿ!"

"ಬೇತಮಂಗಲದೋರು ತೆಗೀಲಿ, ಆಮೇಲೆ ನಾವು."

ಬೇತಮಂಗಲದವರೋ ಕ್ಯಾಸಂಬಳ್ಳಿಯವರು ತೆಗೆಯಲಿ ಎಂದು ಕೂತಿದ್ದರು. ಏಳಕ್ಕೆ ನಿಜವಾದ ಹಾಲಿನ ಲೆಕ್ಕ ಬರತೊಡಗಿತು. ಜಾಗವಿಲ್ಲವೆಂದು ಯಂತ್ರ ಒಂದೊಂದನ್ನೂ ವಾಪಸು ಕಳಿಸಿತು. ಫೋನುಗಳು ಬಾಯಿ ಬಡಿದುಕೊಂಡವು, ಮುನೀಂದ್ರನ ಅಂಗಿ ಬೆವರಿಗೆ ಅಂಟಿತು.

"ಮುಂದೆ ನಿಂತಿರೋವ್ನ ಆಚೆ ದಬ್ಬು ಕಣ್ಲಾ," ಎಂದ ಶ್ರೀನಿವಾಸಪ್ಪ, ಅವನ ಹೆಗಲ ಮೇಲಿಂದ ಬಗ್ಗಿ.

ಹುಟ್ಟಿದಂದಿನಿಂದ ಆತ ಕೊಟ್ಟ ಮೊದಲ ಒಳ್ಳೆಯ ಸಲಹೆ ಅದು. ಹೊಸದು ಬಂದಂತೆ ಎಲ್ಲಕ್ಕಿಂತ ಹಳೆಯದು ಅಳಿಸಿಹೋಗುವ ಹಾಗೆ ಮುನೀಂದ್ರ ಮಾಡಿಟ್ಟ. ಖಾಲಿ ಚೀಲಗಳು ಸಾಲಾಗಿ ಮಾಯವಾದವು. ಎಂಟಕ್ಕೆ ಹಾಲಿನ ಲೆಕ್ಕವೆಲ್ಲ ಸುಸೂತ್ರವಾಗಿ ಹೊರಟಿತು. ಮುನೀಂದ್ರ ಕಾಯಂ ನೌಕರನ ಗತ್ತಿನಲ್ಲೇ ಟೀ ತರಿಸಿ ಕುಡಿದ.

ಒಂಬತ್ತಕ್ಕೆ ಯಜಮಾನ ಸೊಣ್ಣಪ್ಪ ಬಂದರು.

"ಏನ್ಲಾ, ಕೆಲ್ಸ ಬ್ಯಾಡ ಅಂತಿದ್ರೆ ಮೊದ್ಲೇ ಯೋಳ್ಬೋದಿತ್ತು."

"ಬೇಕು ಸಾರ್! ಆರ್ಡರ್‌ಗೇ ಕಾಯ್ತಿದ್ದೀನಿ!"

"ಎಂಟೂವರೆ ಒಳ್ಗೆ ಫೋನ್ ಮಾಡಿ ಒಪ್ಗೆ ಯೋಳು ಅಂತ ಅದ್ರಾಗೇ ಬರ್ದಿದ್ನಲ್ಲ. ಕಾದು ಕಾದು, ಕಾಯಂ ಪಟ್ಟೀಲಿ ನಿನ್ ಇಂದ್ಗಡೆ ಇದ್ದ ರೂಪಂಗೆ ಫೋನ್ ಮಾಡಿ ಕೆಲ್ಸ ಕೊಟ್ಬಿಟ್ಟೆ."

"ನಂಗೆ ಬರ್ಲೇ ಇಲ್ಲ ಸಾರ್!"

"ಬರ್ದೆ ಏನಾಯ್ತದೆ?" ಸೊಣ್ಣಪ್ಪನವರಿಗೆ ನಿಜಕ್ಕೂ ಬೇಸರವಾಗಿತ್ತು. "ಸಾವಿರದ ಮ್ಯಾಲೆ ಜಾಗ ಇಲ್ಲ ಅಂದ್ರು. ನಿನ್ ಆರ್ಡರ್ ತಪ್ಪಬಾರ್ದು ಅಂತ ಐದಕ್ಕೇ ಎದ್ದು ಕಳ್ಸಿದ್ದೀನಿ ಕಣ್ಲಾ. ಇಡೀ ಕ್ಯೂನಾಗೆ ಮೊಟ್ಟಮೊದ್ಲು ನಿಂದೇ!"