ಅಚ್ಚಿನೊಳಗಿನ ಅಚ್ಚಗನ್ನಡ

ಸಂತೇಬೆನ್ನೂರು ರಸ್ತೆಯ ನನ್ನ ಶೆಡ್ಡಿನಲ್ಲಿ ಬೆಳೆಗೆ ಔಷಧಿ ಹೊಡೆಯುವ ಪಂಪುಗಳು ತಯಾರಾಗುತ್ತವೆ. ಎಲ್ಲ ಭಾಗಗಳೂ ಸಿದ್ಧವಾಗಿ ಕೂತಿರುತ್ತಿದ್ದವು; ಪ್ಲಾಸ್ಟಿಕ್ ಮುಚ್ಚಳ ಮಾತ್ರ ದಾವಣಗೆರೆಯಿಂದ ಬರಬೇಕು. ಬರುತ್ತಿರಲಿಲ್ಲ!

“ಇನ್ನು ಮುಂದೆ ಮುಚ್ಚಳ ನಮ್ಮಲ್ಲೇ!” ಎಂದು ಮನೆಯಲ್ಲಿ ಘೋಷಿಸಿದೆ.

“ಮೊದ್ಲು ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಹಾಕಾಕೆ ಕಲೀರಿ,” ಎಂದಳು ಹೆಂಡತಿ ಗಿರಿಜಾ. ಮಹತ್ಕಾರ್ಯಗಳಿಗೆ ಮನೆಯಲ್ಲಿ ಬೆಂಬಲ ಸಿಗುವುದು ಅಪರೂಪ.

ಹಳೆಯ ಮೋಲ್ಡಿಂಗ್ ಮಷಿನ್ ಬಂತು. ಅದಕ್ಕೆ ಅಚ್ಚು ಮಾಡಲು ಹೊನ್ನಾಳಿಯ ದಸ್ತಗೀರ್ ಸಾಬರು ಬಂದರು. ಜಗಳೂರಿನ ಅಂಗಡಿಯ ತಿಪ್ಪೇಸ್ವಾಮಿ ಇನ್ನೂರು ಪಂಪು ಕೇಳಿದ್ದರು. “ಸೋಮವಾರ ಗಾಡಿ ತರ್ತೀನಿ. ಮುಚ್ಚಳ ಇಲ್ಲ ಅಂದ್ರೆ ಬ್ಯಾರೆ ಕಡೆ ನೋಡ್ಕಂತೀನಿ,” ಎಂಬ ಎಚ್ಚರಿಕೆಯೂ ಜೊತೆಗಿತ್ತು.

ಮುಚ್ಚಳದ ಮೇಲೆ ‘ತೆರೆ’, ‘ಮುಚ್ಚು’ ಎಂಬ ಎರಡು ಪದ, ತಿರುಗಿಸಬೇಕಾದ ದಿಕ್ಕಿಗೆ ಎರಡು ಬಾಣ. ಅದಕ್ಕಾಗಿ ಅಚ್ಚಿನೊಳಗೆ ಕೂರಿಸುವ ಉಕ್ಕಿನ ಬಿಲ್ಲೆಯೊಂದನ್ನು ಸಾಬರು ಕೊರೆದು ತಂದರು. ನೋಡಿದೆ. ಅಕ್ಷರವೆಲ್ಲ ಉಲ್ಟಾ! ಚನ್ನಗಿರಿಯ ಅಂಗಡಿ ಬೋರ್ಡುಗಳ ಒತ್ತಕ್ಷರವನ್ನು ಏಣಿ ಹತ್ತಿ ತಿದ್ದಿದ ಮನುಷ್ಯ ನಾನು. ಸುಮ್ಮನಿರಲಾದೀತೆ?

“ಏನ್ ಸಾಬ್ರೇ, ಕನ್ನಡಾನ ಹಿಂಗಾ ಬರೆಯೋದು?”

“ಯಜಮಾನ್ರೇ, ಅಚ್ಚು ಅಂದ್ರೆ...”

“ಅಚ್ಚಾಗ್ಲಿ, ಹುಚ್ಚಾಗ್ಲಿ, ಕನ್ನಡ ನೆಟ್ಟಗಿರ್ಬೇಕು!”

“ಅಲ್ಲ ಯಜಮಾನ್ರೇ, ಒಂದ್ ಮಾತು...”

“ಬ್ಯಾರೆ ಮಾಡ್ರಿ!”

ಸಾಬರು ನನ್ನನ್ನು ಒಮ್ಮೆ ನೋಡಿ, ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡರು. ಎರಡು ದಿನಕ್ಕೆ ಹೊಸ ಬಿಲ್ಲೆ ಬಂತು. ಅಕ್ಷರ ಮುತ್ತಿನಂತಿತ್ತು!

ಸೋಮವಾರ ಬೆಳಿಗ್ಗೆ ಮಷಿನ್ನಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣಿಟ್ಟು, ಗುಂಡಿ ಒತ್ತಿದೆ. ಮೊದಲ ಮುಚ್ಚಳ ಬಿತ್ತು! ಆನಂದ ತಡೆಯಲಾರದೆ ಎತ್ತಿ ಕಣ್ಣಿಗೊತ್ತಿಕೊಂಡೆ. ಅದು ಇನ್ನೂ ಸುಡುತ್ತಿತ್ತು! ಕಣ್ಣಿಗೆ ಒದ್ದೆ ಟವೆಲ್ ಸುತ್ತಿಕೊಂಡು, ಏನೂ ಕಾಣದಿದ್ದರೂ ಹೊಡೆಸಿದೆ ಇನ್ನೂರು. ಟವೆಲ್ ತೆಗೆಯುವ ಹೊತ್ತಿಗೆ ಮುಚ್ಚಳಗಳೆಲ್ಲ ಪಂಪು ಏರಿದ್ದವು, ತಿಪ್ಪೇಸ್ವಾಮಿಯವರ ಗಾಡಿಯೂ ಬಂದಿತ್ತು.

ಚಹಾ ತಂದ ಗಿರಿಜಾ ಒಂದು ಪಂಪಿನ ಮುಂದೆ ನಿಂತಳು. “ಇದ್ಯಾವ ಭಾಷೆ ರೀ?”

ಬಗ್ಗಿ ನೋಡಿದೆ. ನನ್ನ ಕನ್ನಡ ನನಗೇ ಬೆನ್ನು ತಿರುಗಿಸಿ ನಿಂತಿತ್ತು! ಬಾಣವೂ ತಿರುವುಮುರುವು.

ಬಾಣ ತೋರಿಸಿದ ಕಡೆಗೇ ತಿರುಗಿಸಿದ ತಿಪ್ಪೇಸ್ವಾಮಿ ಬೆವತು ಹೋದರು. “ಏನ್ರೀ ಇದು, ತೆಗೆಯಾಕೆ ಹೋದ್ರೆ ಇನ್ನೂ ಬಿಗಿ ಆಗ್ತೈತೆ! ಈ ಬಾಣ ನಂಬಿ ಮುಚ್ಚಿ ಬೆನ್ನಿಗೆ ಹೊತ್ಕಂಡ್ರೆ ಔಷಧಿ ಬೆಳೆಗೆ ಬೀಳ್ತೈತಾ, ಮೈಮ್ಯಾಲೆ ಬೀಳ್ತೈತಾ? ನಾ ಹೊಂಟೆ.”

“ಪಂಪಿನ ಜೊತೆ ಒಂದೊಂದು ಕನ್ನಡಿ ಕೊಟ್ಬಿಡ್ರಿ,” ಎಂದಳು ಗಿರಿಜಾ.

ನಾನು ಸಾಬರ ಕಡೆ ನೋಡಿದೆ. ಅವರು ಜೇಬಿಗೆ ಕೈ ಹಾಕಿ ಮೊದಲಿನ ಬಿಲ್ಲೆ ತೆಗೆದರು!

“ಬೇಕಾಗ್ತೈತೆ ಅಂತ ಇಟ್ಕಂಡಿದ್ದೆ. ತಿಪ್ಪೇಸ್ವಾಮಣ್ಣ, ಊಟ ಮಾಡ್ಕಂಡು ಬರ್ರಿ. ಸಂಜಿಗೆ ಗಾಡಿ ತುಂಬಿಸ್ತೀನಿ.” ಆಮೇಲೆ ಅದನ್ನು ನನ್ನ ಮೂಗಿನ ಮುಂದೆ ಹಿಡಿದರು. “ಯಜಮಾನ್ರೇ, ಇದು ಓದಾಕೆ ಬರ್ತೈತಾ?”

“ಇಲ್ಲ,” ಎಂದೆ, ಮೆಲ್ಲಗೆ.

“ಹಂಗಾದ್ರೆ ಸರಿ ಐತೆ!”

ಸಂಜೆ ಗಾಡಿ ಜಗಳೂರಿಗೆ ಹೊರಟಿತು. ಅಂದಿನಿಂದ ನಮ್ಮ ಕಾರ್ಖಾನೆಯಲ್ಲಿ ಅಚ್ಚಿನ ಗುಣಮಟ್ಟ ಪರೀಕ್ಷೆ ಬಹಳ ಸರಳ. ಸಾಬರು ಬಿಲ್ಲೆ ತೋರಿಸುತ್ತಾರೆ. ನನಗೆ ಅರ್ಥವಾಗದಿದ್ದರೆ, ಪಾಸು!